ಮೂರ್ತಿ ಆಂಟಿಯ ವೋಟು

ನಮ್ಮ ಸೋದರತ್ತೆಗೆ ಪೋಲಿಷ್ ದೆವ್ವ ಮೆಟ್ಟಿಕೊಂಡಿದೆ ಎಂದು ಶಿಕಾಗೋ ಪಕ್ಕದ ಲೊಂಬಾರ್ಡಿನ ಕನ್ನಡಿಗರು ಆಡಿಕೊಂಡರೆ ನಾನು ಅಲ್ಲಗಳೆಯುವುದಿಲ್ಲ. ಇಲ್ಲದಿದ್ದರೆ ಮೈಸೂರಿನ ಹೆಂಗಸೊಬ್ಬರು ಬಿಸಿಬೇಳೆಬಾತಿನ ಮುಚ್ಚಳದ ಮೇಲೆ ಕೈಯಿಟ್ಟು ಮುಷ್ಕರ ಹೂಡುತ್ತಾರೆಯೇ?

ಅತ್ತೆಯ ವಿಚಿತ್ರಗಳು ಮೊದಲೇ ಇದ್ದವು. ಪ್ರತಿ ಹಬ್ಬಕ್ಕೂ ಪಕ್ಕದೂರು ಗ್ಲೆಂಡೇಲ್ ಹೈಟ್ಸ್‌ಗೆ ಹೋಗಿ, ಗಂಡನನ್ನು ಕಳೆದುಕೊಂಡ ಗೆಳತಿ ಮೂರ್ತಿ ಆಂಟಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ಸಂಘಕ್ಕೆ ಬರುತ್ತಿದ್ದರು. ಬಾಗಿಲಲ್ಲಿ ಯಾರಾದರೂ ಕೇಳಿದರೆ, "ಇವಳೂ ನಮ್ ಫ್ಯಾಮಿಲಿನೇ ರೀ. ನಮ್ಮೆಜಮಾನ್ರ ಎರಡನೇ ಹೆಂಡ್ತಿ ಅಂತ ಬರ್ಕೊಳ್ಳಿ!"

ಅಷ್ಟರಲ್ಲಿ ರಿಸೆಷನ್ ಬಂತು. ಮಾವನನ್ನೂ ಸೇರಿಸಿ ಎಷ್ಟೋ ಜನರ ಕೆಲಸ ಹೋಯಿತು. ಸಂಘದವರು ದುಬಾರಿ ಬ್ಯಾಂಕ್ವೆಟ್ ಹಾಲಿಗೆ ಕೈಮುಗಿದು, ಯುಗಾದಿಯನ್ನು ಶಿಕಾಗೋದ ಹಳೆಯ ಪೋಲಿಷ್ ಮಹಿಳಾ ಸಂಘದ ಹಾಲಿಗೆ ಸಾಗಿಸಿದರು. ಗೋಡೆಯ ತುಂಬ ದೊಡ್ಡ ಟೋಪಿಯ ಹೆಂಗಸರ ಫೋಟೋಗಳು. ಒಬ್ಬರೂ ನಕ್ಕಿಲ್ಲ! ಯಾಕೆ ಎಂದು ಅತ್ತೆ ಹಾಲ್ ನೋಡಿಕೊಳ್ಳುವ ಪೋಲಿಷ್ ಅಜ್ಜಿಯನ್ನು ಕೇಳಿಯೇಬಿಟ್ಟರು. ಅಜ್ಜಿ ಹೇಳಿದ್ದಿಷ್ಟು: ನೂರು ವರ್ಷದ ಹಿಂದೆ ಗಂಡಸರ ಸಂಘಗಳಲ್ಲಿ ಹೆಂಗಸರಿಗೆ ಸಮಾನ ಸದಸ್ಯತ್ವ ಸಿಗುತ್ತಿರಲಿಲ್ಲ. ಅದಕ್ಕೇ ಇವರು ಸ್ವಂತ ಸಂಘ ಕಟ್ಟಿದರು, ಪತ್ರಿಕೆ ತಂದರು, ಈ ದೇಶ ಹೆಂಗಸರಿಗೆಲ್ಲ ವೋಟು ಕೊಡುವ ಮೊದಲೇ ತಮ್ಮ ಅಧ್ಯಕ್ಷೆಯನ್ನು ತಾವೇ ಆರಿಸಿಕೊಂಡರು.

ಅತ್ತೆ ಅಡುಗೆಮನೆಗೆ ಮರಳಿದಾಗ ಮುಖ ಥೇಟ್ ಆ ಫೋಟೋಗಳಂತೆಯೇ ಇತ್ತು. ನಮ್ಮ ಸಂಘದಲ್ಲಿ ಮನೆಗೊಂದು ವೋಟು, ಅದೂ ಗಂಡನ ಹೆಸರಿಗೆ. ಪಟ್ಟಿಯಲ್ಲಿ ಉಳಿದವರೆಲ್ಲ ಬರೀ 'ಅಂಡ್ ಫ್ಯಾಮಿಲಿ'. ಊಟದ ಹೊತ್ತಿಗೆ ಅತ್ತೆ ಬಾತಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

"ಪ್ರೆಸಿಡೆಂಟ್ರೇ, ಅಂಡ್ ಫ್ಯಾಮಿಲಿ ಇವತ್ತು ಬಡಿಸಲ್ಲ. ನಮ್ಮನ್ನ ಮೆಂಬರ್ ಮಾಡ್ಕೊಳ್ಳಿ, ಬಡಿಸ್ತೀವಿ."

"ಅಯ್ಯೋ ಆಂಟಿ, ನಿಮ್ ವೋಟು ಅಂಕಲ್ ಹಾಕ್ತಾರಲ್ಲ!"

"ಹಾಗಾದ್ರೆ ನಿಮ್ ಪಾಲಿನ ಊಟಾನೂ ಅವ್ರೇ ಮಾಡ್ಲಿ ಬಿಡಿ."

ಪೇಪರ್ ತಟ್ಟೆ ಹಿಡಿದಿದ್ದ ಮಾವ, "ನಂಗೂ ಹಸಿವಾಗ್ತಿದೆ ಕಣೇ" ಎಂದರು. ಅತ್ತೆ ತಿರುಗಿಯೂ ನೋಡಲಿಲ್ಲ. ಬಾತಿನ ಘಮ ಹಾಲಿನ ತುಂಬ ಹರಡಿತ್ತು. ಹೊಟ್ಟೆಗಿಂತ ದೊಡ್ಡ ವಕೀಲ ಯಾರಿದ್ದಾರೆ? ಅಧ್ಯಕ್ಷರು ಅಲ್ಲೇ ಸಭೆ ಕರೆದರು, ಹಸಿದ ಗಂಡಸರೆಲ್ಲ ಕೈ ಎತ್ತಿದರು.

"ಗೆದ್ರಿ ಆಂಟಿ! ಮೊದಲ್ನೇ ಹೆಸರು ನಿಮ್ದೇ, ಹೇಳಿ."

ಅತ್ತೆ ಮೂಲೆಯಲ್ಲಿ ಕೋಸಂಬರಿ ಕಲಸುತ್ತಿದ್ದ ಮೂರ್ತಿ ಆಂಟಿಯನ್ನು ಕೈಹಿಡಿದು ಮುಂದೆ ತಂದರು. "ಇವಳದ್ದು ಬರ್ಕೊಳ್ಳಿ. ಮೂರ್ತಿಯವರು ಹೋದ್ಮೇಲೆ ಪಟ್ಟಿಯಿಂದ ಇವಳ ಮನೇನೇ ಬಿಟ್ಟುಹೋಯ್ತು, ಸಂಘದಿಂದ ಒಂದೇ ಒಂದು ಕರೆ ಇವಳಿಗೆ ಬಂದಿಲ್ಲ. ಸತ್ತಿದ್ದು ಅವ್ರು ರೀ, ಇವಳಲ್ಲ."

ಅಧ್ಯಕ್ಷರು ಪೆನ್ ಹಿಡಿದು, ತಲೆ ತಗ್ಗಿಸಿ, "ಹೆಸರು ಆಂಟಿ?" ಎಂದರು.

"ವಿಶಾಲಾಕ್ಷಿ," ಎಂದರು ಮೂರ್ತಿ ಆಂಟಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಇಷ್ಟು ವರ್ಷ ಅವರ ಕೈಯಡುಗೆ ಉಂಡಿದ್ದೆ, ಅವರ ಹೆಸರು ಕೇಳಿದ್ದು ಅಂದೇ ಮೊದಲು.