ಸ್ಪ್ಯಾನರಿಗೆ ಕುಂಕುಮವಿಟ್ಟ ದಿನ

ಸದಾಶಿವಯ್ಯನವರಿಗೂ ಅವರ ಧರ್ಮಪತ್ನಿ ರಮಾಮಣಿಯವರಿಗೂ ಮೊದಲ ಮಾತುಕತೆಯನ್ನು ಏರ್ಪಡಿಸಿದವಳು ಮಗಳು ಸೌಮ್ಯ. (ಬೆಳೆದ ಮಗಳಿರುವ ದಂಪತಿಗಳಿಗೆ ಇನ್ನೆಂಥ ಮೊದಲ ಮಾತುಕತೆ ಎಂದು ಓದುಗರು ಹುಬ್ಬೇರಿಸಬಹುದು. ಗಾಡಿ ಮನೆಗೆ ಬಂದ ನಂತರದ ಮೊದಲ ಮಾತುಕತೆ ಎಂದು ತಿದ್ದಿ ಓದಿಕೊಳ್ಳಬೇಕು.) ಗಾಡಿ ಬಂದಂದಿನಿಂದ ಆ ಮನೆಯಲ್ಲಿ ಮಾತು ನಿಂತೇಹೋಗಿತ್ತೆಂದರೆ ಪೂರ್ತಿ ಸರಿಯಾಗುವುದಿಲ್ಲ. ಮಾತು ನಡೆಯುತ್ತಿತ್ತು, ಮಗಳ ಮನೆಯಿದ್ದ ರಾಜೀವನಗರವನ್ನು ಸುತ್ತಿಕೊಂಡು ಬರುತ್ತಿತ್ತು ಅಷ್ಟೇ. ಮೈಸೂರಿನ ಕುಂಬಾರಕೊಪ್ಪಲಿನ ಅಡುಗೆಮನೆಯಲ್ಲಿ ಉಪ್ಪಿಟ್ಟು ಸಿದ್ಧವಾದರೆ ರಮಾಮಣಿಯವರು ರಾಜೀವನಗರದ ಮಗಳಿಗೆ ಫೋನ್ ಮಾಡುತ್ತಿದ್ದರು. ಮಗಳು ಅದೇ ಮನೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪನಿಗೆ ಫೋನ್ ಮಾಡುತ್ತಿದ್ದಳು. ಅಪ್ಪ ಎದ್ದು ಒಳಗೆ ಹೋಗಿ ತಿನ್ನುತ್ತಿದ್ದರು.

ಸೌಮ್ಯ ಹೆಂಗಸರಿಗೆ ಕಾರು, ಬಸ್ಸು ಓಡಿಸಲು ಕಲಿಸುವ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಮೊದಲ ಬಾರಿ ಕ್ಲಚ್ಚಿನ ಮೇಲೆ ಕಾಲಿಟ್ಟು ನಡುಗುತ್ತಿರುವ ವಿದ್ಯಾರ್ಥಿನಿಯ ಪಕ್ಕದಲ್ಲಿ ಕುಳಿತು, ಫೋನಿನಲ್ಲಿ ಅಪ್ಪನಿಗೆ ಇನ್ನಷ್ಟು ಚಟ್ನಿ ಬೇಕೇ ಎಂದು ವಿಚಾರಿಸುವುದು ಸಾರ್ವಜನಿಕರ ಪ್ರಾಣಕ್ಕೆ ಕುತ್ತೆಂದು ಅವಳಿಗೆ ಮನವರಿಕೆಯಾದ ದಿನ ಸಂಧಾನಕ್ಕೆ ಮುಹೂರ್ತ ಗೊತ್ತಾಯಿತು. ಸ್ಥಳ, ಗಾಡಿಯ ಒಳಗೆ. ಅಮ್ಮ ಡ್ರೈವರ್ ಸೀಟಿನಲ್ಲಿ, ಅಪ್ಪ ಹಿಂದಿನ ಮಂಚದ ಮೇಲೆ. ಚಹಾವನ್ನು ಗಾಡಿಯ ಅಡುಗೆಕಟ್ಟೆಯಲ್ಲೇ ಮಾಡತಕ್ಕದ್ದು.

ಗಾಡಿಯೆಂದರೆ ಹಳೆಯ ಮಿನಿ ಬಸ್ಸು. ಯಾವ ಕಾಲದಲ್ಲೋ ಯಾರೋ ಸಂಚಾರಪ್ರಿಯರು ಅದರ ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಅಡುಗೆಕಟ್ಟೆ, ಒಬ್ಬರು ನಿಲ್ಲಬಹುದಾದ, ಶೌಚಕ್ಕೂ ಆಗುವ ಬಚ್ಚಲು, ಮಂಚದ ಅಡಿಗೆ ನೀರಿನ ಟ್ಯಾಂಕು, ಟ್ಯಾಂಕಿಗೊಂದು ಪಂಪು, ಇಷ್ಟನ್ನು ಕೂರಿಸಿ ಅದನ್ನು ಮನೆಯಾಗಿಸಿದ್ದರು. ಅವರ ತರುವಾಯ ಅದು ಹಲವರ ಕೈದಾಟಿ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಸದಾಶಿವಯ್ಯನವರ ಕಣ್ಣಿಗೆ ಬಿತ್ತು. ಅವರು ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ತಂದು ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿ 'ಚರನಿಲಯ' ಎಂದು ಹೆಸರಿಟ್ಟರು. ರಮಾಮಣಿಯವರು 'ಡಬ್ಬ' ಎಂದು ಹೆಸರಿಟ್ಟರು. ಬೀದಿಯಲ್ಲಿ ಎರಡನೆಯದೇ ಊರ್ಜಿತವಾಯಿತು.

ಮಾತುಕತೆಯ ಆರಂಭ ಶುಭಕರವಾಗಿರಲಿಲ್ಲ. ಚಹಾಕ್ಕೆಂದು ಸದಾಶಿವಯ್ಯನವರು ಪಂಪಿನ ಸ್ವಿಚ್ಚು ಒತ್ತಿ ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು. ನೀರು ನಲ್ಲಿಯನ್ನುಳಿದು ಬೇರೆಲ್ಲ ಕಡೆಯಿಂದ ಬಂತು: ಹಲಗೆಯ ಸಂದಿನಿಂದ, ಮಂಚದ ತಲೆದೆಸೆಯಿಂದ, ಅವರು ಸ್ವತಃ ಕೂತಿದ್ದ ಹಾಸಿಗೆಯಿಂದ. ಶಿರಸ್ತೇದಾರರು ಎದ್ದು ನಿಂತರು. ಹಿಂಭಾಗದ ಸಾಕ್ಷ್ಯವನ್ನು ಮರೆಮಾಚಲು ಗೋಡೆಗೊರಗಿದರು.

ರಮಾಮಣಿಯವರು ನಗಲಿಲ್ಲ. ಅವರಿಗೆ ಈ ಗಾಡಿಯಲ್ಲಿ ಹಿಡಿಸಿದ್ದ ವಸ್ತು ಒಂದೇ ಒಂದು, ಅದು ಆ ಬಚ್ಚಲು. ನೆಂಟರಿಷ್ಟರ ಮದುವೆಗೆಂದು ದಾವಣಗೆರೆಗೆ ಹೋಗಲಿ, ದೇವರ ದರ್ಶನಕ್ಕೆಂದು ಧರ್ಮಸ್ಥಳಕ್ಕೆ ಹೋಗಲಿ, ಬಸ್ಸು ಹತ್ತುವ ದಿನ ಬೆಳಗಿನಿಂದ ಅವರು ಒಂದು ಗುಟುಕು ನೀರು ಕುಡಿದವರಲ್ಲ. ದಾರಿಯಲ್ಲಿ ಎಲ್ಲಿ ಇಳಿಯುವುದು, ಇಳಿದರೆ ಎಂಥ ಜಾಗ ಎಂಬ ದಿಗಿಲಿನಲ್ಲೇ ಅವರ ಪ್ರವಾಸಗಳೆಲ್ಲ ಮುಗಿದಿದ್ದವು. ಸಮುದ್ರವನ್ನು ಅವರು ಈವರೆಗೂ ನೋಡಿಲ್ಲದಿರುವುದಕ್ಕೆ ಅದೇ ಕಾರಣ. ಆದ್ದರಿಂದ ಅವರು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ತಮ್ಮ ಷರತ್ತನ್ನು ಹೇಳಿದರು:

"ಬಚ್ಚಲಲ್ಲಿ ನೀರು ಬರ್ಬೇಕು. ಬರಬಾರದ ಕಡೆ ಒಂದು ಹನೀನೂ ಬರಬಾರದು. ಆಯುಧಪೂಜೆಗೆ ಅಕ್ಕ ಬರ್ತಾಳೆ, ಅವಳು ನೋಡಿ ಸರಿ ಅಂದ್ರೆ ಗೋಕರ್ಣಕ್ಕೆ ಹೋಗೋದು. ಇಲ್ಲಾಂದ್ರೆ ಈ ಡಬ್ಬಾನ ಚುರುಮುರಿ ಮಾರೋರಿಗೆ ಕೊಟ್ಬುಡಿ."

ಅಕ್ಕ ಎಂದರೆ ಶಾಂತಾದೇವಿಯವರು, ತಿರುಮಕೂಡಲು ನರಸೀಪುರದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ಕೈಯಲ್ಲಿ ಪಾಸಾಗುವುದು ಸಾಮಾನ್ಯದ ಮಾತಲ್ಲವೆಂದು ಒಂದು ತಾಲ್ಲೂಕಿಗೇ ತಿಳಿದಿತ್ತು. ಆದರೂ ಸದಾಶಿವಯ್ಯನವರು ಒಪ್ಪಿದರು. ಗಾಡಿ ಉಳಿಯಬೇಕು, ತಾವೂ ಹೆಂಡತಿಯೂ ಅದರಲ್ಲಿ ಕುಳಿತು ಕಡಲತೀರಕ್ಕೆ ಹೋಗಬೇಕು, ಬಾಡಿಗೆ ಡ್ರೈವರ್ ಮುಂದಿನ ಉದ್ದ ಸೀಟಿನಲ್ಲಿ ಮಲಗಬೇಕು, ಬೆಳಗಾದರೆ ಕಿಟಕಿಯಲ್ಲಿ ಸಮುದ್ರ ಕಾಣಬೇಕು. ಈ ಚಿತ್ರವನ್ನು ಅವರು ಕಚೇರಿಯ ಕೊನೆಯ ವರ್ಷಗಳಲ್ಲಿ ಕಡತಗಳ ಹಿಂದೆ ಕುಳಿತು ಎಷ್ಟೋ ಸಲ ಬಿಡಿಸಿಕೊಂಡಿದ್ದರು.

ರಿಪೇರಿಗೆ ಮಂಡಿ ಮೊಹಲ್ಲಾದ ಸಿದ್ದುವನ್ನು ಕರೆಸಿದರು. ಸಿದ್ದು ತನ್ನ ಕಸುಬಿನ ಬಗ್ಗೆ ಸಂಕೋಚವಿಲ್ಲದ ಮನುಷ್ಯ. ಊರಿನ ಅರ್ಧ ಲಾಡ್ಜುಗಳ ಬಚ್ಚಲುಗಳು ತನ್ನಿಂದಲೇ ನಿಂತಿವೆಯೆಂದು ಪೀಠಿಕೆ ಹಾಕಿ, ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡಿ, ತೀರ್ಪು ಕೊಟ್ಟ. "ಸಾರ್, ಪೈಪೆಲ್ಲಾ ಹಣ್ಣು ಮುದುಕ ಆಗೋಗವೆ. ಪೂರ್ತಿ ಕಿತ್ತಾಕ್ಬುಟ್ಟು ಹೊಸದು ಎಳೀಬೇಕು."

ಇದು ಶಿರಸ್ತೇದಾರರ ಕಾರ್ಯವಿಧಾನಕ್ಕೆ ವಿರುದ್ಧವಾಗಿತ್ತು. ಒಂದು ಜಮೀನಿಗೆ ಹತ್ತು ತಕರಾರು ಅರ್ಜಿ ಬಂದರೆ ಜಮೀನನ್ನೇ ಎತ್ತಿ ಬಿಸಾಡುತ್ತಾರೆಯೇ? ಒಂದೊಂದನ್ನೇ ಕರೆದು, ವಿಚಾರಿಸಿ, ವಿಲೇವಾರಿ ಮಾಡಬೇಕು. ಸಿದ್ದುವನ್ನು ಬೀಳ್ಕೊಟ್ಟು, ತಾವೇ ಮಂಡಿ ಮೊಹಲ್ಲಾಕ್ಕೆ ಹೋಗಿ ಸ್ಪ್ಯಾನರು, ಇಕ್ಕಳ, ಕ್ಲಾಂಪು, ಬಿಳಿ ಟೇಪು ತಂದು, ಪಂಚೆ ಎತ್ತಿಕಟ್ಟಿ ಮಂಚದ ಕೆಳಗೆ ಪ್ರವೇಶಿಸಿದರು. ಅಡುಗೆಕಟ್ಟೆಯ ಸೋರಿಕೆ ಮೊದಲ ದಿನವೇ ಇತ್ಯರ್ಥವಾಯಿತು. ಪಂಪು ಹಾಕಿದರೆ, ಅಲ್ಲಿ ದಾರಿ ಕಾಣದ ನೀರು ಮಂಚದ ಹಿಂದಿನ ಜೋಡಣೆಯಲ್ಲಿ ಮೇಲ್ಮನವಿ ಸಲ್ಲಿಸಿತು. ಅದನ್ನು ವಜಾ ಮಾಡಿದರೆ ಬಚ್ಚಲ ಗೋಡೆಯಲ್ಲಿ ಹೊಸ ಅರ್ಜಿ. ಕ್ಲಾಂಪು ಬಿಗಿದಂತೆಲ್ಲ ಹಳೆಯ ಪೈಪು ಬಿರಿಯುತ್ತಿತ್ತು. ಬಿರಿದ ತುದಿಯನ್ನು ಕತ್ತರಿಸಿದರೆ ಪೈಪು ಗಿಡ್ಡವಾಗಿ ಇನ್ನೊಂದು ತುದಿಯಲ್ಲಿ ಕಳಚಿಕೊಳ್ಳುತ್ತಿತ್ತು. ಪಿತೃಪಕ್ಷವೆಲ್ಲ ಅವರು ಅಂಗಾತ ಮಲಗಿಯೇ ಕಳೆದರು. ಬೀದಿಯವರಿಗೆ ಅವರ ಪಾದಗಳ ಪರಿಚಯ ಚೆನ್ನಾಗಿ ಆಯಿತು.

ಆದರೆ ಕೆಲಸ ಸಾಗಿತೆನ್ನುವುದನ್ನು ಒಪ್ಪಬೇಕು. ನವರಾತ್ರಿ ಮುಗಿಯುತ್ತ ಬಂದಾಗ ಒಂದನ್ನುಳಿದು ಎಲ್ಲ ತಕರಾರುಗಳೂ ಮುಗಿದಿದ್ದವು. ಉಳಿದದ್ದು ಅಡುಗೆಕಟ್ಟೆಯ ಕೆಳಗೆ, ಗ್ಯಾಸ್ ಸಿಲಿಂಡರಿಗೆಂದು ಮಾಡಿದ್ದ ಗೂಡಿನ ಒಳಮೂಲೆಯ ಮೊಣಕೈಯಾಕಾರದ ಒಂದು ಜೋಡಣೆ. ಅದಕ್ಕೆ ಸ್ಪ್ಯಾನರಿನ ಒಂದೆರಡು ತಿರುವು ಸಾಕು. ಬೆಳಗ್ಗೆ ಎದ್ದ ಕೂಡಲೆ ಮುಗಿಸಿದರಾಯಿತೆಂದು ಅವರು ಆಯುಧಪೂಜೆಯ ಹಿಂದಿನ ಸಂಜೆ ಕೈತೊಳೆದುಕೊಂಡರು. ಆ ನೆಮ್ಮದಿಯಲ್ಲಿ, ಬಾಯಿ ಸುಮ್ಮನಿರದೆ, ಒಂದು ಮಾತನ್ನೂ ಆಡಿದರು. ಪ್ರತಿವರ್ಷ ಆಯುಧಪೂಜೆಯಲ್ಲಿ ದೇವರ ಮುಂದೆ ಅವರ ಪರವಾಗಿ ಇಡುತ್ತಿದ್ದುದು ಒಂದು ಪೆನ್ನು. ಈ ವರ್ಷ ತಮ್ಮ ಉಪಕರಣಗಳಿಗೂ ಸಲ್ಲಬೇಕಾದ ಮರ್ಯಾದೆ ಸಲ್ಲಲಿ ಎಂದು ಹೆಂಡತಿಗೆ ಸೂಚಿಸಿದರು. ರಮಾಮಣಿಯವರು ಆಗಲಿ ಎಂದರು.

ಅವರು ಮಾತಿಗೆ ತಪ್ಪುವವರಲ್ಲ. ಆಯುಧಪೂಜೆಯ ದಿನ ಸದಾಶಿವಯ್ಯನವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸ್ಪ್ಯಾನರು, ಇಕ್ಕಳ, ಗರಗಸ, ಸ್ಕ್ರೂಡ್ರೈವರು ಎಲ್ಲವೂ ತೊಳೆಸಿಕೊಂಡು, ಈಳಿಗೆಮಣೆ, ಚಾಕು, ಕತ್ತರಿಗಳ ಸಾಲಿನಲ್ಲಿ ಮಣೆಯ ಮೇಲೆ ವಿರಾಜಮಾನವಾಗಿದ್ದವು. ಹಣೆಯಿಲ್ಲದ ಸ್ಪ್ಯಾನರಿಗೂ ಹಣೆಯೆಂದು ಊಹಿಸಬಹುದಾದ ಜಾಗದಲ್ಲಿ ಕುಂಕುಮ, ಮೇಲೊಂದು ಸೇವಂತಿಗೆ. ಮಂಗಳಾರತಿಯೂ ಆಗಿಹೋಗಿತ್ತು. ಇನ್ನು ನಾಳೆ ವಿಜಯದಶಮಿಯ ಪೂಜೆಯಾಗಿ ಅವನ್ನು ಕದಲಿಸುವವರೆಗೆ ಮುಟ್ಟುವಂತಿಲ್ಲ. ಹುಳಿಗೆ ಬೇಕಾದ ಹುರುಳಿಕಾಯಿಯನ್ನೇ ಹಿಂದಿನ ದಿನ ಹೆಚ್ಚಿಟ್ಟುಕೊಳ್ಳುವ ಮನೆ ಅದು. ಅಲ್ಲಿ ಸ್ಪ್ಯಾನರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮಾತನ್ನು ಯಾರು ಆಡಬೇಕು?

ಎದುರುಮನೆಗೆ ಹೋದರು. ಅವರ ಸ್ಪ್ಯಾನರೂ ಪೂಜೆಯಲ್ಲಿತ್ತು. ಸೈಕಲ್ ಶಾಪಿನವನು ಇಡೀ ಅಂಗಡಿಗೇ ಬಾಳೆಕಂದು ಕಟ್ಟಿ ಬಾಗಿಲಲ್ಲಿ ಕುಂಬಳಕಾಯಿ ಒಡೆದಿದ್ದ. ಸಿದ್ದುವಿಗೆ ಫೋನ್ ಮಾಡಿದರೆ, ಇವತ್ತು ಅವೆಲ್ಲ ದೇವರು ಸಾರ್, ನಾಳೆ ಪ್ಲಂಬರ್ ಕೈಗೆ ಬರ್ತವೆ ಎಂದು ಭಕ್ತಿಯಿಂದ ನುಡಿದ. ಮೈಸೂರಿನಂಥ ನಗರದಲ್ಲಿ ಆ ದಿನ ಮುಟ್ಟಬಹುದಾದ ಒಂದು ಸ್ಪ್ಯಾನರ್ ಇರಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನಾದರೂ ಸುತ್ತೋಣವೆಂದರೆ ಅದನ್ನು ಕತ್ತರಿಸಬೇಕು. ಕತ್ತರಿ ಸೇವಂತಿಗೆಯ ಕೆಳಗಿತ್ತು.

ಅಷ್ಟರಲ್ಲಿ ಶಾಂತಾದೇವಿಯವರು ಬಂದರು. ಗಾಡಿಗೆ ಮಾವಿನೆಲೆ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಆದ ಮೇಲೆ ಅವರು ಪರೀಕ್ಷೆ ಎಂದರು. ಸದಾಶಿವಯ್ಯನವರು ಅಂಗಡಿಗೆ ಹೋಗಿಬರುತ್ತೇನೆಂದು ಗಟ್ಟಿಯಾಗಿ ಹೇಳಿ, ಗಾಡಿಯನ್ನು ಹಿಂದಿನಿಂದ ಸುತ್ತಿ, ಇನ್ನೊಂದು ಬಾಗಿಲಿನಿಂದ ಒಳಹೊಕ್ಕು, ರಿಪೇರಿಗೆಂದು ಸಿಲಿಂಡರ್ ತೆಗೆದಿಟ್ಟಿದ್ದ ಗೂಡಿನಲ್ಲಿ ತಮ್ಮನ್ನು ಮಡಚಿಟ್ಟುಕೊಂಡು, ಬಾಗಿಲೆಳೆದುಕೊಂಡು, ಆ ಜೋಡಣೆಯನ್ನು ಬಲಗೈಯಲ್ಲಿ ಹಿಡಿದರು. ಸರ್ಕಾರಿ ಸೇವೆಯಲ್ಲಿ ಯಾವುದನ್ನೂ ಅವರು ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಪಂಪು ಗುಂಯ್‌ಗುಟ್ಟಿತು. ಬೆರಳುಗಳ ಅಡಿಯಲ್ಲಿ ನೀರು ಮಿಡುಕಿತು, ಹೊರಬರಲಿಲ್ಲ. ಶಾಂತಾದೇವಿಯವರು ಸುಲಭವಾಗಿ ನಂಬುವವರಲ್ಲ. ನೆಲದ ಮೇಲೆಲ್ಲ ಹಳೆಯ ಪತ್ರಿಕೆ ಹಾಸಿ, ಅಡುಗೆಕಟ್ಟೆಯ ನಲ್ಲಿ ಬಿಟ್ಟು, ಬಚ್ಚಲಿನ ನಲ್ಲಿ ಬಿಟ್ಟು, ಕಾಲು ತೊಳೆದು, ಮುಖ ತೊಳೆದು, ಆಮೇಲೆ ಒಂದೊಂದು ಹಾಳೆಯನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಗೂಡಿನ ಕತ್ತಲೆಯಲ್ಲಿ ಶಿರಸ್ತೇದಾರರು ಉಸಿರು ಬಿಗಿಹಿಡಿದರು.

"ಕಾಗದ ಒಣಗೇ ಇದೆ. ಪಾಸು ಕಣೇ ರಮಾ."

ಗಾಡಿ ಉಳಿಯಿತು. ಕಡಲು ಸಿಕ್ಕಿತು. ಗೂಡಿನೊಳಗೆ ಆನಂದಬಾಷ್ಪವೂ ಬರುತ್ತಿತ್ತೇನೋ, ಆದರೆ ಅದು ಕಾಗದದ ಮೇಲೆ ಬಿದ್ದೀತೆಂದು ತಡೆದುಕೊಂಡರು. ಹೊರಗೆ ಅಕ್ಕತಂಗಿಯರು ಆರಾಮವಾಗಿ ಮಂಚಗಳ ಮೇಲೆ ಕೂತರು. ತಂಗಿ ಮೊದಲ ಬಾರಿಗೆ ಹೆಮ್ಮೆಯಿಂದ, ಬಚ್ಚಲಿಗೆ ಒಳಚಿಲಕ ಇರುವುದನ್ನೂ ಕನ್ನಡಿ ಇರುವುದನ್ನೂ ತೋರಿಸಿದರು. ಅಕ್ಕ ಮಂಚವನ್ನು ಒತ್ತಿ ನೋಡಿ ಕೇಳಿದರು:

"ಎರಡೇ ಮಂಚ ಇದೆಯಲ್ಲೇ. ನಿಮ್ಮ ಯಜಮಾನ್ರು ಎಲ್ಲಿ ಮಲಗ್ತಾರೆ?"

ರಮಾಮಣಿಯವರು ಮಂಚದ ಹಾಸಿಗೆಯನ್ನು ನೇರಮಾಡಿದರು. "ನೀನು ಬಾ ಅಕ್ಕ. ನೀನೂ ಸಮುದ್ರ ನೋಡಿಲ್ಲ. ಸೌಮ್ಯ ಓಡಿಸ್ತಾಳೆ, ಮುಂದಿನ ಸೀಟಲ್ಲಿ ಮಲಗ್ತಾಳೆ."

"ಅವರಿಗೆ ತಕರಾರಿಲ್ವಾ?"

"ಇದ್ದಿದ್ರೆ ಇಷ್ಟೊತ್ತಿಗೆ ಹೇಳ್ತಿದ್ರು."

ಗೂಡಿನಲ್ಲಿ ಸದಾಶಿವಯ್ಯನವರ ಬಾಯಿ ತೆರೆಯಿತು. ಮಾತಾಡಿದರೆ ತಾವು ಇಲ್ಲಿರುವುದು ಬಯಲಾಗುತ್ತದೆ, ಇಲ್ಲೇಕಿದ್ದೀರಿ ಎಂಬ ಪ್ರಶ್ನೆ ಬರುತ್ತದೆ, ಪಾಸಾದದ್ದು ಗಾಡಿಯಲ್ಲ, ತಮ್ಮ ಬಲಗೈ ಎಂದು ಹೊರಬೀಳುತ್ತದೆ, ಗಾಡಿ ಚುರುಮುರಿಯವರ ಪಾಲಾಗುತ್ತದೆ. ಸುಮ್ಮನಿದ್ದರೆ ಗಾಡಿ ಉಳಿಯುತ್ತದೆ, ಗೋಕರ್ಣಕ್ಕೂ ಹೋಗುತ್ತದೆ, ತಾವು ಮಾತ್ರ ಅದರಲ್ಲಿರುವುದಿಲ್ಲ. ಸಕಾಲದಲ್ಲಿ ಸಲ್ಲಿಸದ ಆಕ್ಷೇಪಣೆ ಊರ್ಜಿತವಲ್ಲವೆಂದು ಸಾವಿರಾರು ರೈತರಿಗೆ ಹಿಂಬರಹ ಕೊಟ್ಟವರು ಅವರು. ಬಾಯಿ ಮುಚ್ಚಿತು.

ಶಾಂತಾದೇವಿಯವರು ಮನೆಯೊಳಗೆ ಹೋದ ಮೇಲೆ ಗೂಡಿನ ಬಾಗಿಲು ತೆರೆಯಿತು. ರಮಾಮಣಿಯವರ ಕೈಯಲ್ಲಿ ಕಾಫಿ ಲೋಟವಿತ್ತು.

"ಎಡಗೈಯಲ್ಲಿ ತಗೊಳ್ಳಿ. ಆ ಕೈ ಬಿಡಬೇಡಿ, ಪಂಪ್ ಇನ್ನೂ ಆರಿಸಿಲ್ಲ."

"ನಿಂಗೆ ಹೆಂಗೆ..."

"ಪಂಚೆ ಅಂಚು ಬಾಗಿಲಿಂದ ಆಚೆ ಇತ್ತು ಕಣ್ರೀ. ಅಕ್ಕ ಕಾಲೊರೆಸೋ ಬಟ್ಟೆ ಅಂದ್ಕೊಂಡು ಒರೆಸ್ಕೊಂಡ್ಳು."

ಅವರು ದೀನವಾಗಿ ನೋಡಿದರು. ರಮಾಮಣಿಯವರು ಸಮಾಧಾನವಾಗಿಯೇ ಮುಂದುವರಿಸಿದರು. "ನನ್ನ ಕೇಳದೆ ನೀವು ಗಾಡಿ ತಂದ್ರಿ. ನಿಮ್ಮ ಕೇಳದೆ ನಾನು ಒಂದ್ಸಲ ಹೋಗಿಬರ್ತೀನಿ. ಅಲ್ಲಿಗೆ ಸರಿಹೋಯ್ತಲ್ಲ."

ಕಾಫಿ ಚೆನ್ನಾಗಿತ್ತು. ಅದನ್ನು ಕುಡಿಯುತ್ತ, ಈ ಆದೇಶದಲ್ಲಿ ಕಾನೂನಿನ ಲೋಪ ಯಾವುದೂ ಇಲ್ಲವೆಂಬುದನ್ನು ಅವರು ಮನಸ್ಸಿನಲ್ಲೇ ಒಪ್ಪಿಕೊಂಡರು.

ವಿಜಯದಶಮಿಯ ಬೆಳಿಗ್ಗೆ ಪೂಜೆಯಾಗಿ ಆಯುಧಗಳು ಕದಲಿದವು. ಜಂಬೂ ಸವಾರಿಗೆ ಜನ ಸೇರಿ ರಸ್ತೆ ಕಟ್ಟುವ ಮೊದಲೇ ಸಿದ್ದು ಓಡೋಡಿ ಬಂದು, ಆ ಜೋಡಣೆಯನ್ನು ಕಿತ್ತು, ಮನೆಗಳಿಗೆ ಹಾಕುವ ಗಟ್ಟಿ ಬಿಳಿ ಪೈಪಿನ ತುಂಡನ್ನು ಅಂಟಿಸಿ, ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗಲ್ಲ ಎಂದು ಹರಸಿ ಹೋದ. ಹೊರಡುವ ದಿನ, ಸೋಮವಾರ ಬೆಳಿಗ್ಗೆ, ಟ್ಯಾಂಕು ತುಂಬಿಸಿದವರು ಸದಾಶಿವಯ್ಯನವರೇ. ಎಲ್ಲವೂ ಬಿಗಿಯಾಗಿದೆಯೇ ಎಂದು ಕೊನೆಯ ಬಾರಿ ಮಂಚದ ಕೆಳಗೆ ಇಳಿದು ನೋಡಿದವರೂ ಅವರೇ. ಸೌಮ್ಯ ಹಾರ್ನ್ ಮಾಡಿದಳು. ರಮಾಮಣಿಯವರು ಕಿಟಕಿಯಿಂದ, ಫ್ರಿಜ್ಜಿನಲ್ಲಿ ಹುಳಿಯಿದೆ ಎಂದರು. ಚರನಿಲಯ ಚಲಿಸಿತು, ಅಚರವಾಗಿ ಉಳಿದವರು ಗೇಟು ಹಾಕಿಕೊಂಡರು.

ಹುಳಿ ಬಿಸಿಮಾಡಿಕೊಳ್ಳುವ ಹೊತ್ತಿಗೆ ಫೋನ್ ಬಂತು. ಗಾಡಿ ಅರಸೀಕೆರೆಯಲ್ಲಿ ನಿಂತಿದೆ. ನೀರು ಎಲ್ಲಿಂದಲೋ ಬರುತ್ತಿದೆ. ಅಕ್ಕನ ಹಾಸಿಗೆ ತೊಯ್ದಿದೆ, ಅಕ್ಕನ ಅಭಿಪ್ರಾಯವೂ ಬದಲಾಗುತ್ತಿದೆ. ಸದಾಶಿವಯ್ಯನವರು ಶಾಂತವಾಗಿ, ಸೋರುವ ಜಾಗ ಸಿಕ್ಕರೆ ಸದ್ಯಕ್ಕೆ ಕೈಯಲ್ಲಿ ಅದುಮಿ ಹಿಡಿಯುವುದೊಂದೇ ಉಪಾಯ ಎಂದು ಸಲಹೆಯಿತ್ತರು. ಆ ಕಡೆ ಶಾಂತಾದೇವಿಯವರು, ಗೋಕರ್ಣದವರೆಗೆ ಹಾಗೆ ಹಿಡಿದುಕೊಂಡು ಬರುವವರು ಯಾರು ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ರೀ," ಎಂದರು ಕೊನೆಗೆ ರಮಾಮಣಿಯವರು, "ಮಧ್ಯಾಹ್ನ ಒಂದು ರೈಲಿದೆಯಂತೆ."

ಸೋರಿಕೆಯ ಮೂಲದ ಬಗ್ಗೆ ಹೇಳಿಕೆಗಳು ಒಂದೇ ತೆರನಾಗಿಲ್ಲ. ಸದಾಶಿವಯ್ಯನವರು ಹೇಳುವಂತೆ, ನಿಂತಲ್ಲೇ ನಿಲ್ಲುವ ಮನೆಗೆ ಹಾಕುವ ಪೈಪನ್ನು ಓಡುವ ಗಾಡಿಗೆ ಹಾಕಿದರೆ ಕುಲುಕಾಟಕ್ಕೆ ಬಿರಿಯದೆ ಇರದು. ಸಿದ್ದು ರಸ್ತೆಯನ್ನು ದೂರುತ್ತಾನೆ. ರಮಾಮಣಿಯವರು ಇಬ್ಬರನ್ನೂ ನಂಬುವುದಿಲ್ಲ; ಹೊರಡುವ ಬೆಳಿಗ್ಗೆ ಮಂಚದ ಕೆಳಗೆ ಇಳಿದ ಮನುಷ್ಯನ ಕೈಯಲ್ಲಿ ಸ್ಪ್ಯಾನರ್ ಇತ್ತೆಂದೂ, ಅದು ಯಾವ ದಿಕ್ಕಿಗೆ ತಿರುಗಿತೆಂಬುದು ದೇವರಿಗೇ ಗೊತ್ತೆಂದೂ ಅವರ ವಾದ. ಮೂವರೂ ಒಪ್ಪುವ ಸಂಗತಿ ಇಷ್ಟು: ೨೦೨೪ನೆಯ ಇಸವಿ ಅಕ್ಟೋಬರ್ ೧೪, ಸೋಮವಾರ ಸಂಜೆ, ಅರಸೀಕೆರೆ ರೈಲು ನಿಲ್ದಾಣದ ಹೊರಗೆ, ಒಂದು ಸ್ಪ್ಯಾನರು, ಒಂದು ಟವಲು ಹಾಗೂ ಟ್ಯಾಂಕಿನ ಪಕ್ಕದಲ್ಲಿ ಹಾಸಿಕೊಳ್ಳಲು ಅಳತೆಗೆ ಸರಿಯಾದ ಒಂದು ಚಾಪೆಯೊಂದಿಗೆ ಸದಾಶಿವಯ್ಯನವರು ತಮ್ಮ ವಾಹನವನ್ನು ಪ್ಲಂಬರ್ ಆಗಿ ಹತ್ತಿದರು.