ಉಂಡೆ ಬಾಯಿಗೆ ಬಂದ ಬಗ್ಗೆ ವರದಿ

ಬಬಲ್ ಟೀ ಎಂಬ ತಣ್ಣನೆಯ ಹಾಲು ಚಹಾದ ತಳಕ್ಕೆ ಹಾಕುವ, ಮೆದ್ದು ತಿನ್ನುವ ಉಂಡೆಯ ದಪ್ಪ ಎಂಟು ಮಿಲಿಮೀಟರ್. ನಮ್ಮ ಗೃಹಪಾನೀಯ ಇಲಾಖೆ ಮನೆಮನೆಗೂ ಹಂಚಿದ ಹೀರುಗೊಳವೆಯ ತೂತು ಮೂರು ಮಿಲಿಮೀಟರ್. ಈ ಎರಡು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಇಲಾಖೆ ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಿದೆ. ಆ ಸುತ್ತೋಲೆಯ ಕರಡು ಬರೆದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನಗೆ ಸಂಶಯವಿಲ್ಲ.

ನಾನು ಇಲಾಖೆಯ ಹೀರುಗೊಳವೆ ಶಾಖೆಯ ಗುಮಾಸ್ತ. ಜನ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ಬಬಲ್ ಟೀ ಕುಡಿದು ಹೊತ್ತು ಹಾಳುಮಾಡುವುದನ್ನು ಕಂಡು ನಮ್ಮ ನಿರ್ದೇಶಕರು ಒಂದು ದಿನ ಬೆಳಿಗ್ಗೆ ಮರುಗಿದರು. 'ಮನೆಯಲ್ಲೇ ಮಾಡಿ, ಮನೆಯಲ್ಲೇ ಹೀರಿ' ಎಂಬ ಆಂದೋಲನ ಘೋಷಿಸಿದರು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ನಲವತ್ತು ಲಕ್ಷ ಹೀರುಗೊಳವೆಗಳು ಲಾರಿಗಳಲ್ಲಿ ಬಂದು ಇಳಿದವು. ಒದಗಿಸಿದವರು ನಿರ್ದೇಶಕರ ಷಡ್ಡಕರು. ಅವರ ಕಾರ್ಖಾನೆಯಲ್ಲಿ ಅಲ್ಲಿಯವರೆಗೆ ಬಾಲ್‌ಪೆನ್ನಿನ ರೀಫಿಲ್ ತಯಾರಾಗುತ್ತಿತ್ತು. ಈಗಲೂ ಅದೇ ತಯಾರಾಗುತ್ತದೆ, ಶಾಯಿ ಮಾತ್ರ ತುಂಬುವುದಿಲ್ಲ. ಇದರಲ್ಲಿ ಅಕ್ರಮವೇನೂ ಇಲ್ಲ. ಟೆಂಡರಿನಲ್ಲಿ ಕೊಳವೆ ಎಂದಿತ್ತು, ಅವರು ಕೊಟ್ಟದ್ದೂ ಕೊಳವೆಯೇ.

ನನ್ನ ಅಮ್ಮ ನಲವತ್ತು ವರ್ಷ ಬಟ್ಟೆ ಹೊಲಿದವಳು. ಕಣ್ಣು ಮಂಜಾದ ಮೇಲೆ ಮಷಿನ್ನಿಗೆ ಗವಸು ಹಾಕಿ ಸುಮ್ಮನೆ ಕೂತಿದ್ದಳು. ನಾನು ತಂದುಕೊಟ್ಟ ಆಂದೋಲನದ ಕೈಪಿಡಿಯನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು, ಸೆರಗು ಸಿಕ್ಕಿಸಿ ಅಡುಗೆಮನೆಗೆ ಇಳಿದಳು. ಮರಗೆಣಸಿನ ಹಿಟ್ಟಿಗೆ ಕುದಿಯುವ ಸಕ್ಕರೆ ಪಾಕ ಹೊಯ್ದು, ಬಿಸಿ ಆರುವ ಮೊದಲೇ ನಾದಬೇಕು. ಆರಿದರೆ ಹಿಟ್ಟು ಬಿರಿಯುತ್ತದೆ. ಅಮ್ಮ ಬೆರಳು ಸುಟ್ಟುಕೊಂಡು ನಾದಿದಳು. ಹುರಿಯ ಹಾಗೆ ಹೊಸೆದು, ಹೊಲಿಗೆಯ ಟೇಪು ಹಿಡಿದು ಒಂದೇ ಅಳತೆಗೆ ಕತ್ತರಿಸಿ, ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ ಉಂಡೆ ಮಾಡಿದಳು. ಅರ್ಧ ಗಂಟೆ ಕುದಿಸಿದಳು, ಅರ್ಧ ಗಂಟೆ ಮುಚ್ಚಿಟ್ಟಳು, ಮತ್ತೆ ಪಾಕದಲ್ಲಿ ನೆನೆಹಾಕಿದಳು. ಆಮೇಲೆ ಹಾಲು ಬೆರೆಸಿ ತಣ್ಣಗೆ ಮಾಡಿದ ಚಹಾದ ಲೋಟಗಳ ತಳಕ್ಕೆ ಹಾಕಿ ನಮ್ಮ ಮುಂದಿಟ್ಟಳು.

"ಮಾಡಿ ನಾಲ್ಕು ಗಂಟೆ ಒಳಗೆ ತಿನ್ಬೇಕಂತೆ, ಆಮೇಲೆ ಕಲ್ಲಾಗುತ್ತಂತೆ. ಯಾರಾದ್ರೂ ಒಬ್ರು ತಿಂದು, ಹೇಗಿದೆ ಅಂತ ನಿಜ ಹೇಳ್ರೋ" ಎಂದಳು.

"ನೀನೇ ತಿಂದು ನೋಡಮ್ಮ."

"ಹೊಲಿದವಳೇ ಹಾಕ್ಕೊಂಡು ನೋಡಿದ್ರೆ ಅಳತೆ ಗೊತ್ತಾಗುತ್ತೇನೋ? ನನ್ನ ಹತ್ರ ಹೊಲಿಸಿದವರು ಯಾರೂ ತೊಟ್ಟು ನೋಡದೆ ಬಟ್ಟೆ ಒಯ್ದಿಲ್ಲ. ಬಗಲು ಬಿಗಿ ಅಂತ ಬೈದವರೂ ಇದ್ದಾರೆ. ಆ ಬೈಗುಳದಿಂದಲೇ ನಾನು ಕೆಲಸ ಕಲಿತಿದ್ದು."

ನಾನು ಇಲಾಖೆಯ ಕೊಳವೆ ಹಾಕಿ ಹೀರಿದೆ. ಚಹಾ ಬಂತು. ಉಂಡೆ ಕೊಳವೆಯ ಬುಡಕ್ಕೆ ಬಂದು ಸೀಸೆಯ ಬಿರಡೆಯ ಹಾಗೆ ಕೂತುಬಿಟ್ಟಿತು. ಮೂರನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಕಣ್ಣುಗುಡ್ಡೆ ಹೊರಬರುವ ಹಾಗೆ ಹೀರಿದಳು. ಅವಳದೂ ಅದೇ ಕಥೆ. ಅಮ್ಮ ಎದ್ದು ಹೋಗಿ ಚಮಚ ತಂದಳು. ನಾನು ತಡೆದೆ. ಆಂದೋಲನದ ನಿಯಮ ಏಳರ ಪ್ರಕಾರ ಬಬಲ್ ಟೀ ಒಂದು ಪಾನೀಯ; ಚಮಚವಾದರೋ ಘನಾಹಾರ ಇಲಾಖೆಯ ಉಪಕರಣ. ಗೃಹಪಾನೀಯ ಇಲಾಖೆಯ ನೌಕರನ ಮನೆಯಲ್ಲಿ ಉಂಡೆ ಚಮಚದಿಂದ ಮೇಲೆದ್ದಿತೆಂದರೆ ನಾನು ಕೆಲಸದ ಆಸೆ ಬಿಟ್ಟ ಹಾಗೆಯೇ.

ಅಮ್ಮ ಚಮಚವನ್ನು ನೋಡಿದಳು, ನನ್ನನ್ನು ನೋಡಿದಳು. "ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ. ನಮ್ಮನೇಲಿ ಕಡಲೆನೂ ಇದೆ, ಹಲ್ಲೂ ಇದೆ. ಮಧ್ಯೆ ನಿನ್ನ ಇಲಾಖೆ ಇದೆ" ಎಂದಳು.

ಊರಿನ ಎಲ್ಲ ಮನೆಗಳಿಂದಲೂ ಇಂಥವೇ ದೂರುಗಳು ಬಂದವು. ಇಲಾಖೆ ಕಣ್ಣುಮುಚ್ಚಿ ಕೂರಲಿಲ್ಲ, ತಕ್ಷಣ ಸಮಿತಿ ರಚಿಸಿತು. ಸಮಿತಿಯಲ್ಲಿ ನಿರ್ದೇಶಕರು, ಅವರ ಷಡ್ಡಕರು ಮತ್ತು ಒಬ್ಬ ಸ್ವತಂತ್ರ ತಜ್ಞೆ ಇದ್ದರು. ತಜ್ಞೆ ಷಡ್ಡಕರ ಹೆಂಡತಿ, ಆದ್ದರಿಂದ ನಿರ್ದೇಶಕರಿಗೆ ನಾದಿನಿ. ಆದರೆ ಸಭೆಯಲ್ಲಿ ಮೂವರೂ ಪರಸ್ಪರ ಬಹುವಚನದಲ್ಲೇ ಮಾತಾಡಿದರೆಂದು ನಡಾವಳಿಯಲ್ಲಿ ದಾಖಲಾಗಿದೆ. ಕೊಳವೆಯಲ್ಲಿ ದೋಷವಿಲ್ಲ, ಉಂಡೆಯಲ್ಲೂ ದೋಷವಿಲ್ಲ, ಸಾರ್ವಜನಿಕರ ಹೀರುವ ಶಕ್ತಿಯೇ ಕುಂದಿದೆ ಎಂದು ಸಮಿತಿ ಕಂಡುಕೊಂಡಿತು. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆಯನ್ನು ವರದಿಯ ಮುಖಪುಟದಲ್ಲೇ ಅಚ್ಚುಹಾಕಿಸಿತು. ಮರುದಿನ ಈ ಪ್ರಕಟಣೆ ಹೊರಬಿತ್ತು:

'ಸಾರ್ವಜನಿಕರು ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಬರಿಯ ಕೊಳವೆಯಿಂದ ಗಾಳಿಯನ್ನು ಹೀರಿ ಅಭ್ಯಾಸ ಮಾಡತಕ್ಕದ್ದು. ಅಭ್ಯಾಸದಿಂದ ಎರಡೂ ಕೆನ್ನೆಗಳಲ್ಲಿ ಗುಳಿ ಬಿದ್ದವರನ್ನು ಉತ್ತೀರ್ಣರೆಂದು ಪರಿಗಣಿಸಲಾಗುವುದು. ಹುಟ್ಟಿನಿಂದಲೇ ಗುಳಿ ಉಳ್ಳವರು ಅದು ಸ್ವಂತ ಪರಿಶ್ರಮದ್ದಲ್ಲವೆಂದು ವೈದ್ಯರಿಂದ ಪ್ರಮಾಣಪತ್ರ ತಂದು ಒಪ್ಪಿಸತಕ್ಕದ್ದು.'

ತರಬೇತಿಯ ಉದ್ಘಾಟನೆಗೆ ನಿರ್ದೇಶಕರೇ ವೇದಿಕೆಯ ಮೇಲೆ ನಿಂತು ಹೀರಿದರು. ಮುಖ ಕೆಂಪಾಯಿತು, ಹಣೆಯ ನರ ಉಬ್ಬಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಆಗ ನಿರ್ದೇಶಕರು ಕೊಳವೆಯಿಂದ ಬಾಯಿ ತೆಗೆದು, ಒಂದು ಕ್ಷಣ ನಮ್ಮನ್ನೆಲ್ಲ ನೋಡಿ, ಮೆಲ್ಲತೊಡಗಿದರು.

"ಬಂತು" ಎಂದರು. "ಮೆತ್ತಗಿದೆ."

ಉಪನಿರ್ದೇಶಕರು ಹೀರಿ ಮೆದ್ದರು. ಅವರ ಉಂಡೆಯೂ ಮೆತ್ತಗಿತ್ತು, ಆದರೆ ನಿರ್ದೇಶಕರದಷ್ಟಲ್ಲ. ಅಧೀಕ್ಷಕರು ಮೆದ್ದರು, ಟೈಪಿಸ್ಟು ಮೆದ್ದರು, ಬಾಗಿಲ ಕಾವಲುಗಾರ ಲೋಟವೇ ಇಲ್ಲದೆ ಮೆದ್ದ. ನನ್ನ ಸರದಿ ಬಂದಾಗ ನಾನೂ ಮೆದ್ದೆ. ಬಾಯಲ್ಲಿ ಏನೂ ಇರಲಿಲ್ಲ, ನಿಜ. ಮೆಲ್ಲಲು ಬಾಯಲ್ಲಿ ಏನಾದರೂ ಇರಲೇಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲ.

ಅಂದಿನಿಂದ ಆಂದೋಲನ ನೂರಕ್ಕೆ ನೂರು ಯಶಸ್ವಿಯಾಯಿತು. ಶಾಲೆಗಳಲ್ಲಿ ಕೊನೆಯ ಪೀರಿಯಡ್ ಮೆಲ್ಲುವುದಕ್ಕೆ ಮೀಸಲಾಯಿತು. ನನ್ನ ಮಗಳು ಒಂದು ಉಂಡೆಗೆ ಮೂವತ್ತೆರಡು ಸಲ ದವಡೆ ಆಡಿಸಿ ತರಗತಿಗೇ ಮೊದಲಿಗಳಾದಳು. ಅವಳ ಟೀಚರು ನನ್ನನ್ನು ಕರೆಸಿ, "ನಿಮ್ಮ ಮಗು ನುಂಗೋದೂ ಎಷ್ಟು ಚಂದ!" ಎಂದು ಹೊಗಳಿದರು. ನನಗೆ ಹೆಮ್ಮೆಯಾಯಿತು. ಹೆತ್ತವರಿಗೆ ಇದಕ್ಕಿಂತ ಏನು ಬೇಕು?

ಅಮ್ಮ ಮಾತ್ರ ಹಟ ಬಿಡಲಿಲ್ಲ. ವಾರಕ್ಕೆರಡು ದಿನ ನಾದುತ್ತಿದ್ದಳು, ಉರುಳಿಸುತ್ತಿದ್ದಳು, ಯಾರಾದರೂ ತಿಂದು ಹೇಳಲೆಂದು ಬಾಗಿಲು ನೋಡುತ್ತಿದ್ದಳು. ಒಂದು ದಿನ ಮನೆ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಹೀರಿ, ಮೆದ್ದು, ನಮೂನೆಯಲ್ಲಿ 'ಅತಿ ಮೃದು' ಎಂದು ಬರೆದರು. ಅಮ್ಮ ಲೋಟ ಬಗ್ಗಿಸಿ ನೋಡಿದಳು.

"ಇಪ್ಪತ್ತು ಹಾಕಿದ್ದೆ. ಇಪ್ಪತ್ತೂ ಇಲ್ಲೇ ಇದೆಯಲ್ಲಪ್ಪ."

"ಅದು ಉಳಿಕೆ, ಅಮ್ಮ."

"ಮತ್ತೆ ನೀವು ತಿಂದಿದ್ದು?"

"ಅದು ಬಳಕೆ. ಉಳಿಕೆ ಕಾಲಂ ಬೇರೆ, ಬಳಕೆ ಕಾಲಂ ಬೇರೆ" ಎಂದು ಇನ್ಸ್‌ಪೆಕ್ಟರು ತಾಳ್ಮೆಯಿಂದ ತಿಳಿಸಿಹೇಳಿ ಚಪ್ಪಲಿ ಮೆಟ್ಟಿಕೊಂಡರು. ಒಳ್ಳೆಯ ಮನುಷ್ಯ. ಇನ್ನೊಬ್ಬರಾಗಿದ್ದರೆ ದಂಡ ಹಾಕುತ್ತಿದ್ದರು.

ಮರುದಿನ ಅಮ್ಮ ಬೇಕೆಂದೇ ಉಂಡೆಗಳನ್ನು ಅರ್ಧ ಬೇಯಿಸಿದಳು. ಒಳಗೆಲ್ಲ ಹಸಿ ಹಿಟ್ಟು. ಮಗಳು ಶಾಲೆಯಿಂದ ಬಂದ ಕೂಡಲೇ ಲೋಟ ಕೊಟ್ಟು, ಎದುರಿಗೆ ಕೂತಳು. "ನೀನಾದ್ರೂ ಹೇಳು ಪುಟ್ಟಿ. ಅಜ್ಜಿ ಹತ್ರ ಸುಳ್ಳು ಹೇಳಬಾರ್ದು."

ಮಗಳು ಹೀರಿದಳು. ಮೂವತ್ತೆರಡು ಸಲ ಮೆದ್ದಳು. "ಬೆಣ್ಣೆ ಥರ ಮೆತ್ತಗಿದೆ ಅಜ್ಜಿ" ಎಂದಳು. ಅವಳು ಸುಳ್ಳು ಹೇಳಲಿಲ್ಲ, ಕಲಿತದ್ದನ್ನು ಹೇಳಿದಳು. ಅಮ್ಮ ಎದ್ದು ಒಳಗೆ ಹೋದಳು. ಹೊಲಿಗೆ ಮಷಿನ್ನಿನ ಗವಸು ತೆಗೆದು, ಕೆಳಗಿನ ಡ್ರಾಯರಿನಲ್ಲಿ ಏನನ್ನೋ ಹುಡುಕುತ್ತಿದ್ದಳು.

ಆ ತಿಂಗಳ ಕೊನೆಯಲ್ಲಿ ಅತ್ಯುತ್ತಮ ಗೃಹ ಬಬಲ್ ಟೀ ಸ್ಪರ್ಧೆ ನಡೆಯಿತು. ಅರವತ್ತು ಹೆಂಗಸರು, ಒಂಬತ್ತು ಗಂಡಸರು ಲೋಟ ಹಿಡಿದು ಬಂದಿದ್ದರು. ನಿರ್ದೇಶಕರು ಪ್ರತಿಯೊಂದರಲ್ಲೂ ಹೀರಿ ಮೆದ್ದರು. ಕೊನೆಕೊನೆಗೆ ಅವರ ದವಡೆ ಸೋತಿತ್ತು. ಅಮ್ಮನ ಲೋಟಕ್ಕೆ ಬಂದಾಗ ಮಾತ್ರ ಕಣ್ಣು ಮುಚ್ಚಿ, ಬಹಳ ಹೊತ್ತು ಮೆದ್ದು, "ನನ್ನ ಸೇವಾವಧಿಯಲ್ಲೇ ಇಷ್ಟು ಮೃದುವಾದ ಉಂಡೆ ಬಾಯಿಗೆ ಬಿದ್ದಿಲ್ಲ" ಎಂದರು. ಮೊದಲ ಬಹುಮಾನ ಘೋಷಿಸಿ, ಎರಡು ಮಾತಾಡಲು ಮೈಕು ಕೊಟ್ಟರು.

ಅಮ್ಮ ಎರಡೇ ಮಾತಾಡಿದಳು. "ಗುಂಡಿ, ಸಾರ್."

ಲೋಟವನ್ನು ಮೇಜಿನ ಮೇಲೆ ಬಗ್ಗಿಸಿದಳು. ಕೋಟಿನ ತೋಳಿಗೆ ಹಾಕುವ ಗುಂಡನೆಯ ಕಪ್ಪು ಗಾಜಿನ ಗುಂಡಿಗಳು ಟಣಟಣ ಎಂದು ಬಿದ್ದು ಉರುಳಿದವು. ಒಂದು ನನ್ನ ಕಾಲಿನ ಬಳಿಯೇ ಬಂದು ನಿಂತಿತು. ನನ್ನ ಕೆಲಸ ಹೋಯಿತೆಂದೇ ತಿಳಿದು ನಾನು ಮನಸ್ಸಿನಲ್ಲಿ ಕ್ಷಮಾಪಣೆಯ ಕರಡು ಶುರುಮಾಡಿದೆ.

ನಿರ್ದೇಶಕರು ಒಂದು ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಎಷ್ಟು ಹೊತ್ತಿನಿಂದ ಚಹಾದಲ್ಲಿದೆ?"

"ಬೆಳಿಗ್ಗೆ ಆರರಿಂದ."

"ಈಗ ಸಂಜೆ ಐದು. ಹನ್ನೊಂದು ಗಂಟೆಯಾದರೂ ಮೊದಲಿಗಿಂತ ಒಂದಿಷ್ಟೂ ಗಟ್ಟಿಯಾಗಿಲ್ಲ!" ಎಂದು ಅವರು ಸಭೆಯ ಕಡೆ ತಿರುಗಿದರು. ಚಪ್ಪಾಳೆ ಬಿತ್ತು. ಯಾರೋ ಒಬ್ಬರು ಎದ್ದು, ಗುಂಡಿ ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ ಎಂದು ಕೇಳಿದರು. "ಇಲಾಖೆಯ ಕೊಳವೆ ಇರುವವರೆಗೆ ಆ ಭಯ ಬೇಡ. ಅದಕ್ಕೇ ನಾವು ಮೂರು ಮಿಲಿಮೀಟರ್ ಇಟ್ಟದ್ದು" ಎಂದರು ನಿರ್ದೇಶಕರು. ಆ ದೂರದೃಷ್ಟಿಗೆ ಮತ್ತೊಮ್ಮೆ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಷಡ್ಡಕರು ಅಷ್ಟರಲ್ಲಾಗಲೇ ಗುಂಡಿಯ ಅಚ್ಚಿನ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತಿದ್ದರು.

ಹದಿನೈದು ದಿನಗಳಲ್ಲಿ ಮನೆಮನೆಗೂ ಇಲಾಖೆಯ ಗುಂಡಿ ಡಬ್ಬಿ ತಲುಪಿತು. ನಾದುವ, ಬೇಯಿಸುವ ತಾಪತ್ರಯ ತಪ್ಪಿತು. ಕುಡಿದು, ತೊಳೆದು, ಮರುದಿನಕ್ಕೆ ಎತ್ತಿಟ್ಟುಕೊಂಡರಾಯಿತು. ಮರಗೆಣಸಿನ ಹಿಟ್ಟನ್ನು ಕಲಬೆರಕೆ ಪದಾರ್ಥವೆಂದು ಸಾರಲಾಯಿತು. ಅಮ್ಮನನ್ನು ಇಲಾಖೆಯ ಗೌರವ ಸಲಹೆಗಾರ್ತಿಯೆಂದು ನೇಮಿಸಿ ಒಂದು ಶಾಲು ಹೊದಿಸಿದರು. ಶಾಲಿನ ಅಂಚಿನ ಹೊಲಿಗೆ ಸೊಟ್ಟಗಿದೆ ಎಂದಳು ಅಮ್ಮ. ಅದು ಸಲಹೆಯೆಂದು ದಾಖಲಾಯಿತು.

ಕಳೆದ ಭಾನುವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದು ಹಿಡಿ ಹಿಟ್ಟಿಗೆ ಪಾಕ ಹೊಯ್ಯುವ ವಾಸನೆ ನನಗೆ ಬಂತು. ಸರ್ಕಾರಿ ನೌಕರನಾಗಿ ನಾನು ಗೋಡೆಯ ಕಡೆ ಮುಖ ಮಾಡಿ ಪೇಪರು ಓದುತ್ತಿದ್ದೆ. ಆದರೆ ಗೋಡೆಯಲ್ಲಿ ಕನ್ನಡಿ ಇತ್ತು, ಅದರಲ್ಲಿ ಅಡುಗೆಮನೆಯ ಬಾಗಿಲ ಸಂದಿ ಕಾಣುತ್ತಿತ್ತು. ಆರೇ ಆರು ಉಂಡೆ. ಈ ಸಲ ಹದವಾಗಿ ಬೆಂದು, ಪಾಕ ಕುಡಿದು ಮಿರಿಮಿರಿ ಮಿಂಚುತ್ತಿದ್ದವು. ಅಮ್ಮ ಮೊಮ್ಮಗಳನ್ನು ಕರೆದು, ಚಮಚದಲ್ಲಿ ಒಂದನ್ನು ಎತ್ತಿ ಅವಳ ಬಾಯಿಗಿಟ್ಟಳು. ಆ ಮುಖದಲ್ಲಿದ್ದ ಆಸೆಯನ್ನು ನೋಡಲಾಗದೆ ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿದೆ, ಆಮೇಲೆ ತಡೆಯಲಾರದೆ ಇಳಿಸಿದೆ.

ಮಗಳು ಒಂದು ಸಲ ಮೆದ್ದಳು. ಎರಡನೇ ಸಲ ಮೆಲ್ಲಲಿಲ್ಲ. ಕಣ್ಣು ಅಗಲವಾಯಿತು.

"ಅಜ್ಜೀ, ಥೂ! ಬಾಯಲ್ಲಿ ಏನೋ ಇದೆ!" ಎಂದು ಅಂಗೈಗೆ ಉಗುಳಿದಳು.

ಅಮ್ಮ ಮಗುವಿನ ಕೈ ಒರೆಸಿ, ಚಮಚ ತೊಳೆದಿಟ್ಟು, ಇಲಾಖೆಯ ಡಬ್ಬಿಯಿಂದ ಆರು ಗುಂಡಿ ತೆಗೆದು ಚಹಾಕ್ಕೆ ಹಾಕಿ ಕೊಟ್ಟಳು. ಮಗಳು ಕೊಳವೆಯಿಂದ ಹೀರಿ, ಮೂವತ್ತೆರಡು ಸಲ ಮೆದ್ದು, ನುಂಗಿ, "ಈಗ ಸರಿಯಾಯ್ತು ನೋಡು ಅಜ್ಜಿ" ಎಂದಳು.