ನಮ್ಮ ಕಾರಿನ ಅರ್ಥಗಾರಿಕೆ

ಅಳುವ ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ನನಗೆ ಶಿರಸಿಯ ನಮ್ಮ ಓಣಿಯಲ್ಲೇ ಹೆಸರಿದೆ. ಆದರೆ ನಮ್ಮ ಹಳೇ ಕಾರಿನ ಮುಂದೆ ನನ್ನ ವಿದ್ಯೆ ಯಾವುದೂ ನಡೆಯಲಿಲ್ಲ ನೋಡಿ. ಕಳ್ಳ ಮುಟ್ಟಿದರೆ ಕೂಗಬೇಕಾದ ಅದರ ಅಲಾರಂ ಬೆಕ್ಕು ಹಾರಿದರೂ ಕೂಗುತ್ತಿತ್ತು, ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೂ ಕೂಗುತ್ತಿತ್ತು. "ಇದ್ಕೆ ದೃಷ್ಟಿ ತಾಗಿದ್ದು" ಎಂದು ನಮ್ಮನೆಯವರು ಉಪ್ಪು-ಮೆಣಸು ನಿವಾಳಿಸಿದರು. ಅದಕ್ಕೂ ಕೂಗಿತು.

ಇಂಥ ಕಾರಿನಲ್ಲಿ ನಮ್ಮನೆಯವರ ಜೊತೆ ಸಿದ್ದಾಪುರದ ಮಹಿಳಾ ತಾಳಮದ್ದಳೆಗೆ ಹೋದೆ. ಸಂಧಾನಕ್ಕೆ ಬರುವ ದೂತನ ಪಾತ್ರ ನನ್ನದು, ಜೀವಮಾನದ ಮೊದಲ ಪಾತ್ರ! ಇಲ್ಲಿ ಮಾನ ಹೋದರೆ ಮತ್ತೆ ಯಾರೂ ಕರೆಯುವುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಕೂತಲ್ಲೇ ಅರ್ಥ ಹೇಳಬೇಕು, ಎದುರಿನವರು ಏನು ಕೇಳಿದರೂ ಥಟ್ಟನೆ ಉತ್ತರ ಕೊಡಬೇಕು. ನಾನೋ ಎಲ್ಲವನ್ನೂ ಉರು ಹೊಡೆದುಕೊಂಡು ಹೋದವಳು. ರಾಜನ ಪಾತ್ರ ನನ್ನ ವಾರಗಿತ್ತಿ ಭಾರತಿಯದು. ಅವಳ ಬಾಯಿಗೆ ಊರೇ ಹೆದರುತ್ತದೆ.

ಮದ್ದಳೆಗೆ ಪೆಟ್ಟು ಬಿದ್ದದ್ದೇ ತಡ, ಕಿಟಕಿಯ ಕೆಳಗೆ ನಿಲ್ಲಿಸಿದ್ದ ಕಾರು ಕುಂಯ್ಯೋ ಎಂದಿತು. ಪಾತ್ರ ಮುಗಿಯದೆ ನಾನು ಏಳುವಂತಿಲ್ಲ. ಕೀ ನಮ್ಮನೆಯವರ ಕಿಸೆಯಲ್ಲಿ, ನಮ್ಮನೆಯವರು ಅಲ್ಲಿಯ ಅಡುಗೆಮನೆಯಲ್ಲಿ, ಕಷಾಯದ ಲೋಟದ ಜೊತೆ. ಉರು ಹೊಡೆದದ್ದೆಲ್ಲ ತಲೆಯಿಂದ ಹಾರಿಹೋಯಿತು.

ಭಾರತಿ ಬಿಡುತ್ತಾಳೆಯೇ? "ಎಲೈ ದೂತನೇ, ಸಭೆಯ ಹೊರಗೆ ಅರಚುತ್ತಿರುವುದು ಯಾರು?" ಎಂದಳು.

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನನ್ನ ರಥ, ಪ್ರಭು. ಒಳಗೆ ಯಾರಾದರೂ ಸುಳ್ಳಾಡಿದರೆ ಅದಕ್ಕೆ ತಡೆದುಕೊಳ್ಳಲಾಗುವುದಿಲ್ಲ."

ಅಷ್ಟರಲ್ಲಿ ನಮ್ಮನೆಯವರು ಲೋಟ ಹಿಡಿದೇ ಓಡಿಬಂದು ಕೀ ಒತ್ತಿದರು. ಕಾರು ಸುಮ್ಮನಾಯಿತು. ಭಾರತಿ ಇಲ್ಲದ ಮೀಸೆ ತಿರುವಿ, "ಕೇಳಿದೆಯಾ? ನಾನು ಎಂದೂ ಮಾತಿಗೆ ತಪ್ಪಿದವನಲ್ಲ!" ಎಂದು ಗರ್ಜಿಸಿದಳು. ಮದ್ದಳೆಯವರು ಅದಕ್ಕೊಂದು ಧೀಂ ಕೊಟ್ಟರು. ಕಾರು ಮತ್ತೆ ಕುಂಯ್ಯೋ!

ಸಭೆ ಬಿದ್ದು ಬಿದ್ದು ನಕ್ಕಿತು. ಭಾಗವತರಿಗೆ ನಗುವಿನಲ್ಲಿ ಪದವೇ ಎತ್ತಲಾಗಲಿಲ್ಲ. ಆಮೇಲೆ ನನ್ನ ಬಾಯಿ ಎಲ್ಲೂ ಕಟ್ಟಲಿಲ್ಲ, ಎಂಥ ಖುಷಿ ಅಂತೀರಿ! "ಭಾರೀ ರೈಸ್ತು ಮಾರಾಯ್ತಿ, ಒಳ್ಳೇ ಕಳೆ ಕಟ್ತು!" ಎಂದು ಭಾರತಿಯೇ ತಬ್ಬಿಕೊಂಡಳು.

ಮರುದಿನವೇ ಅಲಾರಂ ಸರಿಮಾಡಿಸಿದೆ. ಈಗ ಬೆಕ್ಕು ಬಾನೆಟ್ಟಿನ ಮೇಲೆ ಸಂಸಾರ ಹೂಡಿದರೂ ಕಾರು ತುಟಿಪಿಟಕ್ಕೆನ್ನುವುದಿಲ್ಲ. ನಿನ್ನೆ ಯಲ್ಲಾಪುರದಿಂದ ಫೋನು ಬಂತು. "ಅಕ್ಕಾ, ನಮ್ಮಲ್ಲೂ ಒಂದು ತಾಳಮದ್ದಳೆ ಇಟ್ಕಂಡಿದ್ಯ. ನಿಂಗಕ್ಕೆ ಬಪ್ಲೆ ಆಗ್ದಿದ್ರೂ ಅಡ್ಡಿಲ್ಲೆ, ಕಾರು ಮಾತ್ರ ಕಳ್ಸಿ" ಎಂದಿತು ಒಂದು ಹೆಣ್ಣುದನಿ.

"ಅದ್ರ ಗಂಟಲು ಕಟ್ಟಿದ್ದು. ಆನೇ ಬಂದ್ರೆ ಆಗ್ತಿಲ್ಯಾ?" ಎಂದು ನನ್ನನ್ನೇ ಮುಂದೆ ಮಾಡಿದೆ.

ಆ ಕಡೆಯವರು ಬಹಳ ಮರ್ಯಾದೆಯಿಂದ, "ಕಾರು ಹುಷಾರಾದ್ಮೇಲೇ ತಾಳಮದ್ದಳೆ ಇಟ್ಕಳನ, ಅಕ್ಕಾ" ಎಂದರು.